ಮುರಕಲ್ಲಿನ ಗೋಡೆ, ಮಳೆಗಾಲ ಮತ್ತು ನಮ್ಮ ವೈಫೈ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಅತ್ತೆಗೆ ಯೂಟ್ಯೂಬಿನ ಹಳೇ ಆಟಗಳೇ ಗತಿ. ಸರಿಯಾಗಿ ಅದೇ ಹೊತ್ತಿಗೆ ಮಳೆ ಹಿಡಿಯುತ್ತದೆ, ವೈಫೈ ಕೈಕೊಡುತ್ತದೆ. ಬಣ್ಣದ ವೇಷ ರಂಗಸ್ಥಳಕ್ಕೆ ಬರಬೇಕು ಅನ್ನುವಾಗ ಟೀವಿಯಲ್ಲಿ ಚಕ್ರ ತಿರುಗಲು ಶುರು. ಚಾವಡಿಯಿಂದ ಕೂಗು ಬರುತ್ತದೆ, "ಇಂಟರ್‌ನೆಟ್ ಪೋಂಡು!" (ಹೋಯ್ತು ಅಂತ ತುಳುವಿನಲ್ಲಿ). ಹಿಂದಿನ ಕೋಣೆಯಲ್ಲಿ ನಾನು ಬೆಂಗಳೂರಿನ ಆಫೀಸಿನವರ ಜೊತೆ ಮೀಟಿಂಗಿನಲ್ಲಿ ಇರುತ್ತೇನೆ. ಜಿಎಸ್‌ಟಿ ಲೆಕ್ಕ ಹೇಳುತ್ತಾ ಹೇಳುತ್ತಾ ಬಾಯಿ ತೆರೆದಲ್ಲೇ ನಿಂತುಬಿಟ್ಟಿರುತ್ತೇನಂತೆ.

ನಮ್ಮದು ಉಡುಪಿಯ ಪರ್ಕಳದ ಹತ್ತಿರ ಹಂಚಿನ ಹಳೇ ಮನೆ. ಗೋಡೆಯೆಲ್ಲ ಮುರಕಲ್ಲು, ಕಿಟಕಿ ದಂಡೆಯ ಮೇಲೆ ಮಗು ಮಲಗಿಸಬಹುದು, ಅಷ್ಟು ದಪ್ಪ. ಹಿಂದುಗಡೆ ಆಮೇಲೆ ಸೇರಿಸಿದ ಟಾರಸಿ ಕೋಣೆ ನನ್ನ ಆಫೀಸು. ರೌಟರ್ ಇರುವುದು ಚಾವಡಿಯಲ್ಲಿ, ಯಾಕೆಂದರೆ ಕಂಬದಿಂದ ಬಂದ ಕೇಬಲ್ ಅಲ್ಲಿಗೇ ಬಂದು ನಿಂತಿತ್ತು.

ಯಾರನ್ನು ಕೇಳಿದರೂ ಒಂದೇ ಉತ್ತರ, "ಕಂಪನಿ ಚೇಂಜ್ ಮಾಡಿ." ನನಗೆ ಅದು ಸರಿ ಕಾಣಲಿಲ್ಲ. ಕಂಬದಿಂದ ರೌಟರ್ ಡಬ್ಬಿಯವರೆಗೆ ಬರುವುದು ಫೈಬರ್, ಅಂದರೆ ಬೆಳಕು ಹರಿಯುವ ಗಾಜಿನ ಎಳೆ. ಡಬ್ಬಿಯಿಂದ ಲ್ಯಾಪ್‌ಟಾಪಿನವರೆಗೆ ಬರುವುದು ಗಾಳಿಯಲ್ಲಿ. ಯಾವ ಭಾಗ ಕೆಟ್ಟಿದೆ ಅಂತ ಗೊತ್ತಾಗದೆ ಕಂಪನಿ ಬದಲಿಸಿ ಏನು ಸುಖ? ಗೋಡೆ ಅದೇ ಇರುತ್ತದಲ್ವಾ.

ಇದನ್ನು ಪತ್ತೆ ಮಾಡಲು ಸ್ಪೀಡ್ ಟೆಸ್ಟ್ ಸಾಲದು. ಅದು ಆ ಅರ್ಧ ನಿಮಿಷದ ಕಥೆ ಹೇಳುತ್ತದೆ, ನಮ್ಮದು ಬಂದು ಹೋಗುವ ತೊಂದರೆ. ನಾನು ಮಾಡಿದ್ದು ಪಿಂಗ್, ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಗುತ್ತದೆ ಅಂತ ನೋಡುವುದು. ಲ್ಯಾಪ್‌ಟಾಪಿನಲ್ಲಿ ಎರಡು ಕಪ್ಪು ಕಿಟಕಿ ತೆರೆದಿಟ್ಟೆ. ಒಂದರಲ್ಲಿ ನಮ್ಮ ರೌಟರಿನ ವಿಳಾಸ 192.168.1.1ಕ್ಕೆ ಬಿಡದೆ ಪಿಂಗ್, ಇನ್ನೊಂದರಲ್ಲಿ ಹೊರಗಿನ, ಗೂಗಲ್‌ನ 8.8.8.8ಕ್ಕೆ. ಮೊದಲನೆಯದೇ ತಡವರಿಸಿದರೆ ತೊಂದರೆ ಮನೆಯೊಳಗೆ. ಮೊದಲನೆಯದು ಆರಾಮಾಗಿದ್ದು ಎರಡನೆಯದು ಮಾತ್ರ ಸತ್ತರೆ ತೊಂದರೆ ಹೊರಗಿನ ಲೈನಿನಲ್ಲಿ.

ಮಳೆಯ ದಿನ ನೋಡಿದರೆ ಎರಡೂ ಇತ್ತು! ಕೆಲವು ಸಲ ರೌಟರಿಗೆ ಹೋಗಿ ಬರುವುದಕ್ಕೇ 300, 400 ಮಿಲಿಸೆಕೆಂಡು. ಚಾವಡಿಯಲ್ಲೇ ಕೂತರೆ ಅದು ಎರಡೋ ಮೂರೋ. ಮತ್ತೆ ಕೆಲವು ಸಲ ರೌಟರ್ ಠೀಕಾಗಿ ಉತ್ತರ ಕೊಡುತ್ತದೆ, ಹೊರಗಿನದು ಪೂರ್ತಿ ಬಂದ್, ಡಬ್ಬಿಯಲ್ಲಿ ಎಲ್‌ಒಎಸ್ (ಲೈನಿನ ಸಿಗ್ನಲ್ ಇಲ್ಲ) ಅನ್ನುವ ಕೆಂಪು ದೀಪ ಮಿಣುಕುತ್ತದೆ. ಎರಡು ಕಾಯಿಲೆ, ಜ್ವರ ಮಾತ್ರ ಒಂದೇ. ಆಮೇಲೆ ಲೆಕ್ಕ ಸುಲಭವಾಯಿತು. ಅತ್ತೆಯ ಟೀವಿ ರೌಟರಿನ ಪಕ್ಕದಲ್ಲೇ ಇದೆ, ನಡುವೆ ಗೋಡೆ ಇಲ್ಲ. ಅವರು ಕೂಗಿದರೆ ಲೈನ್ ಹೋಗಿದೆ. ಅವರು ಸುಮ್ಮನಿದ್ದು ನನ್ನದು ಮಾತ್ರ ನಿಂತರೆ ಗೋಡೆ. ಪಿಂಗ್‌ಗಿಂತ ಬೇಗ ಉತ್ತರ ಸಿಗುತ್ತಿತ್ತು.

ಮೊದಲು ಲೈನ್ ವಿಷಯ. ಕಸ್ಟಮರ್ ಕೇರಿಗೆ ಫೋನ್ ಮಾಡಿದರೆ "ಮೇಡಂ, ರೌಟರ್ ಆಫ್ ಮಾಡಿ ಆನ್ ಮಾಡಿ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಆದರೆ ರೌಟರಿನ ಸೆಟ್ಟಿಂಗ್ ಪುಟದಲ್ಲಿ ಆರ್‌ಎಕ್ಸ್ ಪವರ್ ಅಂತ ಒಂದು ಸಂಖ್ಯೆ ಇರುತ್ತದೆ, ಫೈಬರಿನಲ್ಲಿ ಎಷ್ಟು ಬೆಳಕು ಬಂದು ಮುಟ್ಟುತ್ತಿದೆ ಅನ್ನುವ ಲೆಕ್ಕ. ಅಳತೆ ಡಿಬಿಎಂ, ಯಾವಾಗಲೂ ಮೈನಸ್‌ನಲ್ಲಿ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನ. ಮೈನಸ್ 27 ದಾಟಿದರೆ ಡಬ್ಬಿಗೆ ಕಣ್ಣು ಕಾಣುವುದೇ ಕಷ್ಟ. ನಮ್ಮದು ಬಿಸಿಲಿದ್ದಾಗ ಮೈನಸ್ 25, ಜೋರು ಮಳೆಯ ಸಂಜೆ ಮೈನಸ್ 28. ಆ ಎರಡು ಸಂಖ್ಯೆ ಹೇಳಿದ ಕೂಡಲೇ ಫೋನಿನ ಆಚೆಯ ದನಿ ಬದಲಾಯಿತು. ಮರುದಿನವೇ ಹುಡುಗ ಬಂದ.

ಅವನು ಸೀದಾ ಮಾಡಿನ ಕೆಳಗೆ ಹೊರಗೋಡೆಗೆ ಹೊಡೆದಿದ್ದ ಬಿಳಿ ಡಬ್ಬಿಗೆ ಏಣಿ ಇಟ್ಟ. ಮುಚ್ಚಳ ತೆಗೆದರೆ ಒಳಗೆ ಇರುವೆ ಸಂಸಾರ. ಮಣ್ಣು, ಬಿಳಿ ಮೊಟ್ಟೆ, ಎಲ್ಲ ಕನೆಕ್ಟರಿನ ಮೇಲೆಯೇ. ಮೊಟ್ಟೆ ಕಚ್ಚಿಕೊಂಡು ಅವು ಅವನ ಕೈಮೇಲೆ ಹತ್ತಿದವು, ಅವನು ಏಣಿಯ ಮೇಲೇ ಕುಣಿದ. ಮಣ್ಣಿನ ಅಡಿಯಲ್ಲಿ ನೀರಿನ ಪಸೆ. "ಅಕ್ಕ, ವಯರ್ ಮೇಲಿಂದ ಇಳ್ದು ಸೀದಾ ಡಬ್ಬಿಗೆ ಹೋಗಿದೆ ನೋಡಿ. ಮಳೆ ನೀರು ವಯರ್ ಹಿಡ್ಕೊಂಡೇ ಒಳಗೆ ಬರ್ತದೆ" ಅಂದ. ಹಳೇ ತುದಿ ಕತ್ತರಿಸಿ, ಕೂದಲಿನಂಥ ಗಾಜಿನ ಎಳೆಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಹೊಸ ಕನೆಕ್ಟರ್ ಹಾಕಿದ. ಕೇಬಲನ್ನು ಡಬ್ಬಿಗಿಂತ ಕೆಳಗೆ ಜೋಲು ಬಿಟ್ಟು, ಅಲ್ಲಿಂದ ಮೇಲೆ ಹತ್ತಿಸಿ ಡಬ್ಬಿಯ ಅಡಿಯಿಂದ ಒಳಗೆ ತಂದ. ಈಗ ನೀರು ಜೋಲಿನ ತಳದಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಒಂದು ಮೊಳೆಗೆ ಕೇಬಲನ್ನು ಮಡಚಿ ಸುತ್ತಿದ್ದರು, ಅದನ್ನೂ ಬಿಡಿಸಿದ. ಫೈಬರ್ ತೀರಾ ಬಗ್ಗಿದರೆ ಬೆಳಕು ಆ ತಿರುವಿನಲ್ಲೇ ಹೊರಗೆ ಸೋರಿಹೋಗುತ್ತದೆ. ಮೀಟರ್ ಹಾಕಿ ನೋಡಿದರೆ ಮೈನಸ್ 20. ಚಾ ಕುಡಿದು ಹೋದ.

ಇನ್ನು ಗೋಡೆ. ಮುರಕಲ್ಲಿನ ತುಂಬಾ ಸಣ್ಣ ತೂತು. ಮಳೆಗಾಲ ಇಡೀ ಅದು ನೀರು ಕುಡಿದುಕೊಂಡೇ ಇರುತ್ತದೆ, ರೇಡಿಯೋ ಅಲೆಗಳನ್ನು ನೀರು ನುಂಗುತ್ತದೆ. ಮೇ ತಿಂಗಳಲ್ಲಿ ಹಿಂದಿನ ಕೋಣೆಗೆ ಹೇಗೋ ಬರುತ್ತಿದ್ದ ಸಿಗ್ನಲ್ ಜುಲೈಯಲ್ಲಿ ಸೊರಗುವುದು ಅದಕ್ಕೇ. ರೌಟರಿನ ವೈಫೈ ಎರಡು ಬ್ಯಾಂಡ್‌ನಲ್ಲಿ ಬರುತ್ತದೆ, 2.4 ಮತ್ತು 5 ಗಿಗಾಹರ್ಟ್ಸ್. 5ರಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವುದರಲ್ಲಿ 2.4ಕ್ಕಿಂತ ಹಿಂದೆ. 2.4ರಲ್ಲಿ ಜನಜಂಗುಳಿ. ಪಕ್ಕದಲ್ಲಿ ಫ್ಲ್ಯಾಟ್ ಎದ್ದ ಮೇಲೆ ಅಲ್ಲಿಯವರ ರೌಟರುಗಳೆಲ್ಲ 6ನೇ ಚಾನೆಲ್‌ನಲ್ಲೇ ಕೂತಿದ್ದವು, ನಮ್ಮದೂ ಅಲ್ಲೇ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ. ನಮ್ಮದನ್ನು 11ಕ್ಕೆ ಹಾಕಿದೆ. ಸ್ವಲ್ಪ ಸುಧಾರಿಸಿತು, ಸ್ವಲ್ಪವೇ.

ಬೂಸ್ಟರ್ ತಗೊಳ್ಳಿ ಅಂತ ಆಚೆಮನೆಯ ಅಣ್ಣ ಹೇಳಿದರು. ಬೂಸ್ಟರ್ ಗೋಡೆಯ ಈಚೆ ಕೂತರೆ ಅದಕ್ಕೂ ಬರುವುದು ಅದೇ ಸೊರಗಿದ ಸಿಗ್ನಲ್. ಜೊತೆಗೆ ಕೇಳುವುದೂ ಹೇಳುವುದೂ ಒಂದೇ ಚಾನೆಲ್‌ನಲ್ಲಾದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಇಂಥ ಮನೆಗೆ ವಯರೇ ಮದ್ದು ಅನ್ನುವುದು ನನ್ನ ಅಭಿಪ್ರಾಯ. ಉಡುಪಿಯಿಂದ ಕ್ಯಾಟ್ 6 ಕೇಬಲ್ ತಂದೆವು. 100 ಮೀಟರಿನವರೆಗೆ ಅದು ಒಂದು ಗಿಗಾಬಿಟ್ ವೇಗ ಕೊಡುತ್ತದೆ, ನಮಗೆ ಬೇಕಾದದ್ದು ಅದರ ಕಾಲುಭಾಗ. ಗೋಡೆ ಕೊರೆಯಲು ಮಾವ ಒಪ್ಪಲಿಲ್ಲ. ಎಲೆಕ್ಟ್ರಿಶಿಯನ್ ಅಟ್ಟ ಹತ್ತಿ, ಹಳೇ ಹಂಡೆ, ತೊಟ್ಟಿಲುಗಳ ನಡುವೆ ತೂರಿ ಹಂಚಿನ ಅಡಿಯಿಂದಲೇ ಹಿಂದಿನ ಕೋಣೆಗೆ ಇಳಿಸಿದ. ಮೂಲೆ ಸೇರಿದ್ದ ಹಳೇ ರೌಟರಿಗೆ 192.168.1.2 ವಿಳಾಸ ಕೊಟ್ಟು, ಅದರ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ಲ್ಯಾನ್ ಪೋರ್ಟಿಗೆ ಸಿಕ್ಕಿಸಿದೆ. ಡಿಎಚ್‌ಸಿಪಿ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಎರಡೂ ರೌಟರುಗಳು ಯಜಮಾನಿಕೆಗೆ ಕಿತ್ತಾಡುತ್ತವೆ. ಹೆಸರು, ಪಾಸ್‌ವರ್ಡ್ ಚಾವಡಿಯದ್ದೇ, ಚಾನೆಲ್ ಮಾತ್ರ 1.

ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಆ ಕ್ಷಣಕ್ಕೆ ರೌಟರ್ ರೀಸ್ಟಾರ್ಟ್ ಆಗುತ್ತಿತ್ತು. ಅದಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದೆವು. ಗುಡುಗು ಶುರುವಾದರೆ ಮಾತ್ರ ಅಡಾಪ್ಟರ್ ಕೀಳುತ್ತೇವೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಪ್ಲಗ್ಗಿನಿಂದ ಸಿಡಿಲು ಬರುವುದಕ್ಕೆ ಫೈಬರ್ ಅಡ್ಡ ನಿಲ್ಲುತ್ತದೆಯೇ?

ಈಗ ಅತ್ತೆ ಒಂದೇ ಕೂತಲ್ಲಿ ಪೂರ್ತಿ ಪ್ರಸಂಗ ನೋಡುತ್ತಾರೆ. ಅಂಗಳದ ತುಳಸಿಕಟ್ಟೆಯ ಹತ್ತಿರ ಮಾತ್ರ ಸಿಗ್ನಲ್ ಒಂದೇ ಕಡ್ಡಿ. ಮೈದುನನ ಮಗ ಅಲ್ಲಿ ಕೂತು ಗೇಮ್ ಆಡಲು ಆಗುವುದಿಲ್ಲ ಅಂತ ದೂರು ಹೇಳಿದ್ದಾನೆ. ಅದನ್ನು ಸರಿಮಾಡುವ ಅವಸರ ನನಗೇನೂ ಇಲ್ಲ.