ಶರಾವತಿಯ ಸೀಮೆಯಲ್ಲಿ ಕೇಳಿದ ಕೆಂಟಕಿಯ ಹಾಡು

ಅಮೆರಿಕದ ಹಾಡುಗಾರ ಜಾನ್ ಪ್ರೈನ್ ಅವರ ಹೆಸರನ್ನೇ ಹೊತ್ತು 1971ರಲ್ಲಿ ಬಂದ ಅವರ ಮೊದಲ ಆಲ್ಬಮ್ಮನ್ನು ಈ ಮಳೆಗಾಲವಿಡೀ ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಕೇಳಿದ್ದೇನೆ. ಷಿಕಾಗೋ ಸಮೀಪದಲ್ಲಿ ಅಂಚೆ ಹಂಚುತ್ತಿದ್ದ ಅವರು, ಮನೆಯಿಂದ ಮನೆಗೆ ನಡೆಯುತ್ತಲೇ ಹಾಡು ಕಟ್ಟುತ್ತಿದ್ದರು. ಇಲ್ಲಿರುವ 13 ಹಾಡುಗಳೂ ಒಂದೇ ತೂಕದವಲ್ಲ. ಆದರೆ ವೃದ್ಧ ದಂಪತಿಯ ಒಂಟಿತನವನ್ನು ಹೇಳುವ ‘ಹಲೋ ಇನ್ ದೇರ್’ ಕೇಳಿದ ಮೇಲೆ ಸ್ವಲ್ಪ ಹೊತ್ತು ಮಾತು ಬೇಡವೆನಿಸುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ‘ಪ್ಯಾರಡೈಸ್’. ಪ್ರೈನ್ ಅವರ ಹೆತ್ತವರ ಸೀಮೆಯಾದ ಕೆಂಟಕಿಯ ಮ್ಯೂಲೆನ್‌ಬರ್ಗ್ ಕೌಂಟಿಯಲ್ಲಿ, ಗ್ರೀನ್ ನದಿಯ ದಡದ ಹಳ್ಳಿಯೊಂದು ಕಲ್ಲಿದ್ದಲು ಗಣಿಗಾರಿಕೆಯ ಬಾಯಿಗೆ ಬಿದ್ದು ಇಲ್ಲವಾದದ್ದನ್ನು, ಅಲ್ಲಿಗೆ ಕರೆದುಕೊಂಡು ಹೋಗೆಂದು ಅಪ್ಪನನ್ನು ಕೇಳುವ ಮಗುವಿನ ಮಾತಿನಲ್ಲಿ ಅದು ಹೇಳುತ್ತದೆ. ಅಣ್ಣ ಡೇವ್ ನುಡಿಸಿದ ಪಿಟೀಲು ಎಲ್ಲಿಯೂ ಅಳುವುದಿಲ್ಲ, ಹಾಡಿನ ಪಕ್ಕದಲ್ಲಿ ಸುಮ್ಮನೆ ನಡೆಯುತ್ತದೆ.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿಗಾಗಿ ಮನೆ, ಅಡಿಕೆ ತೋಟ ಬಿಟ್ಟು ಬಂದ ನಮ್ಮ ಅಜ್ಜಿ, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕೆಸರಿನ ನಡುವೆ ಕಾಣುವ ಕಪ್ಪು ಬೊಡ್ಡೆಗಳತ್ತ ಕೈ ತೋರಿಸಿ, “ಅಲ್ಲೇ ಮಾರಾಯ, ನಮ್ಮ ಕೊಟ್ಟಿಗೆ ಇದ್ದಿದ್ದು” ಎನ್ನುತ್ತಿದ್ದರು. ಆ ಹಾಡು ಶುರುವಾದಾಗಲೆಲ್ಲ ನನಗೆ ಮೊದಲು ಕಾಣುವುದು ಅವರ ಆ ಚಾಚಿದ ಕೈ.