ಕಾಲಿನ ರಕ್ತಸಂಚಾರ ಅಳೆಯುವಾಗ ಒಳ್ಳೆಯ ಅಂಕೆಯನ್ನೇ ಮೊದಲು ಅನುಮಾನಿಸಿ

ಹದಿನೈದು ವರ್ಷದಿಂದ ಶುಗರ್ ಇರುವ, ಎಡಗಾಲಿನ ಹಿಮ್ಮಡಿಯಲ್ಲಿ ಹುಣ್ಣಾಗಿರುವ ಒಬ್ಬರ ಶೀಟ್ ಹೀಗಿದೆ ಎಂದಿಟ್ಟುಕೊಳ್ಳಿ. ತೋಳಿನ ಬಿಪಿ 150. ಬಲಗಾಲಿನಲ್ಲಿ ಪಾದದ ಮೇಲಿನ ನಾಳ 102, ಒಳಗಂಟಿನ ಹಿಂದಿನ ನಾಳ 96. ಎಡಗಾಲಿನಲ್ಲಿ 216 ಮತ್ತು 210. ಪ್ರತಿ ಕಾಲಿನ ಎರಡು ಅಂಕೆಗಳಲ್ಲಿ ದೊಡ್ಡದನ್ನು ತೋಳಿನ ಬಿಪಿಯಿಂದ ಭಾಗಿಸಿದರೆ ಬಲಗಾಲಿನ ಎಬಿಐ (ಕಾಲಿನ ಹರಡಿನ ಪ್ರೆಶರ್‌ಗೂ ತೋಳಿನದಕ್ಕೂ ಇರುವ ಅನುಪಾತ, ಇಳಿದರೆ ಕಾಲಿಗೆ ರಕ್ತ ಸಾಲದೆಂದು ಅರ್ಥ) 0.68, ಎಡಗಾಲಿನದು 1.44. ಲ್ಯಾಬಿಗೆ ಹೊಸದಾಗಿ ಬಂದವರು ಬಲಗಾಲಿಗೆ ಕೆಂಪು ಗೆರೆ ಎಳೆದು, ಎಡಗಾಲಿಗೆ ‘ಚೆನ್ನಾಗಿದೆ’ ಎಂದು ಬರೆದುಬಿಡುತ್ತಾರೆ. ಅದೇ ಎಡಗಾಲಿನ ಹೆಬ್ಬೆರಳಿಗೆ ಕಫ್ ಕಟ್ಟಿ ನೋಡಿದರೆ ಸಿಗುವುದು 36. ತೋಳಿನ ಬಿಪಿಯ ಜೊತೆ ಅನುಪಾತ 0.24.

ಇದರಲ್ಲಿ ಒಗಟೇನೂ ಇಲ್ಲ. ಶುಗರ್ ಹಳೆಯದಾದವರಲ್ಲಿ, ಕಿಡ್ನಿ ಕೈಕೊಟ್ಟವರಲ್ಲಿ, ತೀರಾ ವಯಸ್ಸಾದವರಲ್ಲಿ ಅಪಧಮನಿಯ ಗೋಡೆಯ ನಡುಪದರದಲ್ಲಿ ಕ್ಯಾಲ್ಸಿಯಂ ಕೂತು ನಾಳ ಪೈಪಿನಂತೆ ಗಡಸಾಗುತ್ತದೆ. ಕಫ್ ಎಷ್ಟು ಉಬ್ಬಿಸಿದರೂ ಅದು ಒತ್ತಿಕೊಳ್ಳುವುದಿಲ್ಲ. ಆಗ ಮೀಟರ್ ತೋರಿಸುವ 216 ಗೋಡೆಯ ಗಡಸುತನದ ಲೆಕ್ಕ. ಒಳಗೆ ರಕ್ತ ಎಷ್ಟು ಹರಿಯುತ್ತಿದೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಎಬಿಐ 1.40 ದಾಟಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಪಳಗಿದವರಿಗೆಲ್ಲ ಗೊತ್ತು. ನಿಜವಾಗಿ ದಾರಿ ತಪ್ಪಿಸುವುದು 1.05ರಂಥ ಅಂಕೆ. ನಾಳ ಅರೆಬರೆ ಗಡಸಾಗಿದ್ದು, ಮೇಲೆಲ್ಲೋ ಬ್ಲಾಕ್ ಕೂಡ ಇದ್ದರೆ, 0.6 ಇರಬೇಕಾದದ್ದು 1.05ಕ್ಕೆ ಬಂದು ನಿಲ್ಲುತ್ತದೆ. ನಾರ್ಮಲ್ ಎನ್ನುವುದು 1.00ರಿಂದ 1.40, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪಾದದಲ್ಲಿ ಹುಣ್ಣಿರುವ ಶುಗರ್ ಪೇಷೆಂಟಿಗೆ ಎಬಿಐ ಎಷ್ಟೇ ಬರಲಿ, ಬೆರಳಿನ ಪ್ರೆಶರ್ ನೋಡದೆ ಶೀಟ್ ಮುಚ್ಚಬಾರದು.

ಎಬಿಐ ಅನ್ನೂ ಸರಿಯಾಗಿ ತೆಗೆಯಬೇಕಲ್ಲ. ಪೇಷೆಂಟ್ 5ರಿಂದ 10 ನಿಮಿಷ ಅಂಗಾತ ಮಲಗಿರಬೇಕು, ಹಿಂದಿನ ಎರಡು ಗಂಟೆ ಬೀಡಿ-ಸಿಗರೇಟು ಮುಟ್ಟಿರಬಾರದು. ಕಫ್‌ನ ಅಗಲ ಕಾಲಿನ ಸುತ್ತಳತೆಯ ಶೇ 40ರಷ್ಟಾದರೂ ಇರಲಿ. ಕಿರಿದಾದರೆ ಪ್ರೆಶರ್ ಸುಳ್ಳೇ ಏರುತ್ತದೆ. ಕೆಳಅಂಚು ಒಳಗಂಟಿನಿಂದ 2 ಸೆಂ.ಮೀ. ಮೇಲೆ. ಕಾಲ್ಗೆಜ್ಜೆ ಇದ್ದರೆ ಬಿಚ್ಚಿಸಿ, ಮೇಲಕ್ಕೆ ಸರಿಸಿ ಅದರ ಮೇಲೆಯೇ ಕಫ್ ಸುತ್ತಬೇಡಿ. ಗಾಯವಿದ್ದರೆ ಮೊದಲು ಪ್ಲಾಸ್ಟಿಕ್ ಹಾಳೆ ಸುತ್ತಿ. ಆ ಕಾಲಿನಲ್ಲಿ ಡಿವಿಟಿ (ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು) ಅನುಮಾನವಿದ್ದರೆ, ಅಥವಾ ಬೈಪಾಸ್ ಗ್ರಾಫ್ಟ್ (ಬ್ಲಾಕ್ ದಾಟಿಸಲು ಜೋಡಿಸಿದ ನಾಳ) ಕಫ್ ಬರುವ ಜಾಗದಲ್ಲೇ ಹಾದುಹೋಗಿದ್ದರೆ ಕಫ್ ಹಾಕುವಂತಿಲ್ಲ. ಎರಡೂ ತೋಳಿನಲ್ಲಿ ಅಳೆದು ಹೆಚ್ಚಿನದನ್ನು ಹಿಡಿಯಬೇಕು. ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಮಾಡಿದ ನಾಳಗಳ ಜೋಡಣೆ) ಇರುವ ಕೈಗೆ ಮಾತ್ರ ಕಫ್ ಕಟ್ಟಲೇಬಾರದು.

ಉಬ್ಬಸದಿಂದ ಮಲಗಲಾಗದವರನ್ನು ಕುರ್ಚಿಯಲ್ಲಿ ಕೂರಿಸಿಯೇ ಅಳೆಯುವುದನ್ನು ಬೇಕಾದಷ್ಟು ಕಡೆ ನೋಡಬಹುದು. ಹೃದಯಕ್ಕಿಂತ 13 ಸೆಂ.ಮೀ. ಕೆಳಗೆ ಹೋದಂತೆಲ್ಲ ಪ್ರೆಶರ್ 10 ಮಿ.ಮೀ. ಏರುತ್ತದೆ. ಕಾಲಿನ ಹರಡು 60 ಸೆಂ.ಮೀ. ಕೆಳಗಿದ್ದರೆ 45ಕ್ಕೂ ಹೆಚ್ಚು ಸೇರಿಕೊಂಡಿತು. ಅನಿವಾರ್ಯವಾದರೆ ಕಾಲನ್ನು ಹೃದಯದ ಮಟ್ಟಕ್ಕೆ ಎತ್ತಿ ಇಡಿ, ಹಾಗೆಂದು ಶೀಟಿನಲ್ಲಿ ಬರೆಯಿರಿ.

ನಾಳದಲ್ಲಿ ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಯಂತ್ರದ ಪ್ರೋಬ್ 8 ಮೆಗಾಹರ್ಟ್ಸ್, ಊತ ಜೋರಿದ್ದರೆ 5. ಹೆಬ್ಬೆರಳು ಮೇಲಕ್ಕೆತ್ತಲು ಹೇಳಿದರೆ ಪಾದದ ಮೇಲೆ ಒಂದು ಹುರಿ ಎದ್ದು ಕಾಣುತ್ತದೆ. ನಾಳ ಅದರ ಹೊರಮಗ್ಗುಲಲ್ಲಿ. ಧಾರಾಳವಾಗಿ ಜೆಲ್ ಹಾಕಿ, ಪೆನ್ನು ಹಿಡಿದಂತೆ ಪ್ರೋಬ್ ಹಿಡಿದು, 45ರಿಂದ 60 ಡಿಗ್ರಿ ಓರೆ ಮಾಡಿ. ಕಿರುಬೆರಳನ್ನು ಪಾದದ ಮೇಲೆ ಊರಿ, ಇಲ್ಲದಿದ್ದರೆ ಕೈಯ ಭಾರವೆಲ್ಲ ಪ್ರೋಬಿನ ಮೇಲೆ ಬೀಳುತ್ತದೆ. ಪ್ರೆಶರ್ 50ಕ್ಕಿಂತ ಕಡಿಮೆ ಇರುವ ಕಾಲಿನಲ್ಲಿ ನಿಮ್ಮ ಕೈಯೇ ನಾಳವನ್ನು ಮುಚ್ಚಿಬಿಡಬಲ್ಲದು, ಆಮೇಲೆ ‘ಸಿಗ್ನಲ್ ಇಲ್ಲ’ ಎಂಬ ರಿಪೋರ್ಟ್ ಹೋಗುತ್ತದೆ. ಗಾಳಿ ಬೀಸಿದಂತೆ ಕೇಳಿ, ಉಸಿರಿನ ಜೊತೆ ಏರಿಳಿದರೆ ಅದು ಅಭಿಧಮನಿ. ಕಫ್ ಉಬ್ಬಿಸುತ್ತ ಸದ್ದು ನಿಂತ ಮೇಲೆ ಇನ್ನೂ 20 ಏರಿಸಿ, ಸೆಕೆಂಡಿಗೆ 2 ಮಿ.ಮೀ.ನಂತೆ ಇಳಿಸಿ, ಸದ್ದು ಮರಳಿದ ಅಂಕೆಯನ್ನು ಓದಿ. ನಡುದಾರಿಯಲ್ಲಿ ಮತ್ತೆ ಪಂಪ್ ಮಾಡಬೇಡಿ. ಪೂರ್ತಿ ಗಾಳಿ ಬಿಟ್ಟು ಒಂದು ನಿಮಿಷ ಕಾದು ಶುರುಮಾಡಿ. ತೋಳಿಗೆ ಹಾಕುವ ಆಟೊಮ್ಯಾಟಿಕ್ ಬಿಪಿ ಯಂತ್ರವನ್ನೇ ಕಾಲಿಗೆ ಕಟ್ಟುವ ಶಾರ್ಟ್‌ಕಟ್ ಬೇಡ. ಪ್ರೆಶರ್ ಕಡಿಮೆ ಇರುವ ಕಾಲಿನಲ್ಲೇ, ಅಂದರೆ ನಮಗೆ ಬೇಕಾದಲ್ಲೇ, ಅದು ತಪ್ಪುತ್ತದೆ.

ಅಂಕೆಯ ಜೊತೆ ಸದ್ದನ್ನೂ ಬರೆಯಬೇಕು. ಆರೋಗ್ಯವಂತ ನಾಳದಲ್ಲಿ ಒಂದು ಬಡಿತಕ್ಕೆ ಮೂರು ಹಂತದ ಚುರುಕು ಸದ್ದು. ಮೇಲೆ ಬ್ಲಾಕ್ ಇದ್ದರೆ ಒಂದೇ ಹಂತದ, ಎಳೆದೆಳೆದು ಬರುವ ‘ಹುಷ್’. ಎಬಿಐ 1.05 ಇದ್ದು ಸದ್ದು ಹೀಗಿದ್ದರೆ ಕಿವಿಯನ್ನೇ ನಂಬಿ.

ಬೆರಳಿನ ನಾಳಗಳಿಗೆ ಕ್ಯಾಲ್ಸಿಯಂ ಅಷ್ಟಾಗಿ ಅಂಟುವುದಿಲ್ಲ, ಅದಕ್ಕೇ ಟೋ ಪ್ರೆಶರ್‌ಗೆ ಬೆಲೆ. ಹೆಬ್ಬೆರಳಿನ ಬುಡಕ್ಕೆ 2.5 ಸೆಂ.ಮೀ. ಅಗಲದ ಕಫ್, ತುದಿಯ ಮೆತ್ತೆಗೆ ಪಿಪಿಜಿ ಸೆನ್ಸರ್ (ಬೆಳಕು ಹಾಯಿಸಿ ನಾಡಿಯನ್ನು ಪರದೆಯ ಮೇಲೆ ಅಲೆಯಾಗಿ ತೋರಿಸುವುದು). ಅಲೆ ಚಪ್ಪಟೆಯಾಗುವವರೆಗೆ ಉಬ್ಬಿಸಿ ನಿಧಾನಕ್ಕೆ ಇಳಿಸಿ, ಅಲೆ ಕ್ರಮವಾಗಿ ಮರಳಿದ ಮೊದಲ ಜಾಗವನ್ನು ಓದಿ. ಬೆರಳು ಅಲುಗಿದರೂ ಪರದೆಯ ಮೇಲೆ ಅಲೆ ಏಳುತ್ತದೆ, ನಾಡಿಯ ಲಯಕ್ಕೆ ಹೊಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬರಿಗಾಲಲ್ಲಿ ಗದ್ದೆ-ತೋಟ ಓಡಾಡಿದವರ ಬೆರಳ ಚರ್ಮ ದಪ್ಪ, ಬೆಳಕು ಒಳಗೆ ಇಳಿಯುವುದಿಲ್ಲ. ಸೆನ್ಸರನ್ನು ಮೆತ್ತೆಯ ಮಗ್ಗುಲಿಗೆ ಸರಿಸಿದರೆ ಅಲೆ ಸಿಗುತ್ತದೆ. ಹೆಬ್ಬೆರಳು ಕತ್ತರಿಸಿದ್ದರೆ ಎರಡನೆಯ ಬೆರಳಿಗೆ ಇನ್ನೂ ಕಿರಿದಾದ ಕಫ್. ಅಲ್ಲಿ ಕಾಲುಂಗುರ ಇರುತ್ತದೆ. ತೆಗೆಯಲು ಹಲವು ಹೆಂಗಸರಿಗೆ ಮನಸ್ಸಾಗುವುದಿಲ್ಲ. ಮನೆಯವರನ್ನು ಕರೆದು, ಅಮ್ಮಾ ಹತ್ತೇ ನಿಮಿಷ ಎಂದು ಹೇಳಿ ತೆಗೆಸಿ, ಅವರ ಕೈಗೇ ಕೊಡಿ.

ಟೋ ಪ್ರೆಶರ್‌ನ ದೊಡ್ಡ ಶತ್ರು ಚಳಿ. ತಣ್ಣಗಿನ ಬೆರಳಿನ ನಾಳ ಸಂಕುಚಿತವಾಗಿ, ಚೆನ್ನಾಗಿರುವ ಕಾಲೂ ಕೆಟ್ಟದ್ದೆಂದು ತೋರುತ್ತದೆ. ಎಸಿ, ಫ್ಯಾನ್ ಆರಿಸಿ ಕೋಣೆ 22–24 ಡಿಗ್ರಿ ಇರುವಂತೆ ನೋಡಿಕೊಳ್ಳಿ, ಪಾದಕ್ಕೆ ಹತ್ತು ನಿಮಿಷ ಕಂಬಳಿ ಹೊದಿಸಿ. ಬಿಸಿನೀರಿನ ಚೀಲ ಬೇಡವೇ ಬೇಡ. ಸ್ಪರ್ಶ ಹೋದ ಪಾದ ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಬೆರಳುಗಳೇ ಇಲ್ಲ, ಹರಡಿನ ನಾಳ ಗಡಸು ಎಂದಾದರೆ ಮೇಲೆ ಹೇಳಿದ 13 ಸೆಂ.ಮೀ. ಲೆಕ್ಕವನ್ನೇ ತಿರುಗಿಸಿ. ಮಲಗಿದ ಪೇಷೆಂಟಿನ ಪಾದದ ಮೇಲೆ ಡಾಪ್ಲರ್ ಹಿಡಿದು, ಕಾಲನ್ನು ಮೆಲ್ಲಗೆ ಎತ್ತುತ್ತ ಹೋಗಿ. ಹೃದಯದ ಮಟ್ಟದಿಂದ 39 ಸೆಂ.ಮೀ. ಎತ್ತರದಲ್ಲಿ ಸದ್ದು ನಿಂತರೆ ಪ್ರೆಶರ್ ಸುಮಾರು 30. ಬೇಕಾದದ್ದು ಅಳತೆ ಬರೆದ ಒಂದು ಕೋಲು ಮಾತ್ರ. ಯಂತ್ರಗಳ ನಡುವೆ ಈ ಪರೀಕ್ಷೆಯನ್ನು ಮರೆತಿರುವುದು ದೊಡ್ಡ ನಷ್ಟವೆಂದೇ ನಮ್ಮ ಅಭಿಪ್ರಾಯ.

ಚರ್ಮದ ಮೂಲಕ ಆಮ್ಲಜನಕ ಅಳೆಯುವ ಟಿಸಿಪಿಒ2 ನಿಧಾನದ ಕೆಲಸ. ಎಲೆಕ್ಟ್ರೋಡ್ 44 ಡಿಗ್ರಿಗೆ ಕಾಯುತ್ತದೆ, ಅಂಕೆ ನೆಲೆಗೊಳ್ಳಲು 15–20 ನಿಮಿಷ ಬೇಕು. ಮೂಳೆ, ಆಣಿ, ಊತ, ಅಂಗಾಲು ಬಿಟ್ಟು ಅಂಟಿಸಿ. ಹೋಲಿಕೆಗೆ ಎದೆಯ ಮೇಲೂ ಒಂದು ಇರಲಿ. ಎಲೆಕ್ಟ್ರೋಡ್ ಅಂಟಿಸುವ ಉಂಗುರದೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಕೋಣೆಯ ಗಾಳಿಯದೇ ಅಂಕೆ ಬೆರೆತು ಬರುತ್ತದೆ. ವಾಯುಭಾರವನ್ನು ಕೈಯಿಂದ ಹಾಕಬೇಕಾದ ಯಂತ್ರವಾದರೆ ಊರು ಯಾವುದೆಂದು ನೋಡಿ: ಮಂಗಳೂರಿನಲ್ಲಿ 760 ಸರಿ, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 685ರ ಆಸುಪಾಸು. ಒಣ ಗಾಳಿಯ ಆಮ್ಲಜನಕದ ಲೆಕ್ಕ 159ರಿಂದ 143ಕ್ಕೆ ಇಳಿಯುತ್ತದೆ.

ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸಿ 97 ಎಂದು ನೆಮ್ಮದಿಯಾಗುವುದೂ ಇದೆ. ಅದು ಹೇಳುವುದು ಬಂದ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು. ಬಂದ ರಕ್ತ ಎಷ್ಟು ಎಂದಲ್ಲ.

ಬೀಡಿ ಸೇದುವ ಕಿರಿಯ ಗಂಡಸರ ಬರ್ಗರ್ ಕಾಯಿಲೆ (ಕೈಕಾಲಿನ ನಾಳಗಳು ಉರಿಯೂತದಿಂದ ಮುಚ್ಚಿಕೊಳ್ಳುವುದು) ಬೆರಳಿನ ಕಡೆಯಿಂದ ಶುರುವಾಗುತ್ತದೆ, ಎಬಿಐ ನಾರ್ಮಲ್ ಇದ್ದರೂ ಬೆರಳು ಕಪ್ಪಾಗಬಹುದು. ಅಲ್ಲೂ ಟೋ ಪ್ರೆಶರ್ ಬೇಕು. ನಡೆದರೆ ಮೀನಖಂಡ ಹಿಡಿಯುತ್ತದೆ, ಮಲಗಿದಾಗ ಎಬಿಐ ಸರಿಯಿದೆ ಎನ್ನುವವರಿಗೆ ಟ್ರೆಡ್‌ಮಿಲ್ ಇಲ್ಲದಿದ್ದರೆ ತುದಿಗಾಲಲ್ಲಿ 50 ಸಲ ಏರಿಳಿಸಿ ತಕ್ಷಣ ಮತ್ತೆ ಅಳೆಯಿರಿ. ಆಂಜಿಯೋಪ್ಲಾಸ್ಟಿ ಆದವರಲ್ಲಿ ಎಬಿಐ 0.15ಕ್ಕಿಂತ ಕಡಿಮೆ ಬದಲಾದರೆ ಅದು ಅಳತೆಯ ಏರುಪೇರೇ ಇರಬಹುದು. ಅದಕ್ಕೇ ಪ್ರತಿ ಸಲ ಅದೇ ಕಫ್, ಅದೇ ಕೋಣೆ.

ಹುಣ್ಣಿರುವ ಕಾಲಿನಲ್ಲಿ ಹರಡಿನ ಪ್ರೆಶರ್ 50ಕ್ಕಿಂತ, ಬೆರಳಿನದು 30ಕ್ಕಿಂತ, ಟಿಸಿಪಿಒ2 25ಕ್ಕಿಂತ ಕಡಿಮೆ ಬಂದರೆ ರಿಪೋರ್ಟ್ ಟೈಪ್ ಆಗುವವರೆಗೆ ಕಾಯದೆ ವ್ಯಾಸ್ಕ್ಯುಲರ್ ಡಾಕ್ಟರಿಗೆ ಫೋನ್ ಮಾಡಬೇಕು. ಉಳಿದವರಿಗೆ 2014ರಲ್ಲಿ ಬಂದ ವೈಫೈ ಗ್ರೇಡ್ ಬರೆಯಿರಿ (ಇಂಟರ್‌ನೆಟ್ಟಿನದಲ್ಲ, ಗಾಯ, ರಕ್ತಕೊರತೆ, ಸೋಂಕು ಮೂರನ್ನೂ ಸೇರಿಸಿದ್ದು). ರಕ್ತಕೊರತೆಯ ಲೆಕ್ಕದಲ್ಲಿ ಟೋ ಪ್ರೆಶರ್ 30ರಿಂದ 39 ಅಂದರೆ ಗ್ರೇಡ್ 2. ಹಾಗಾಗಿ ಮೊದಲು ಹೇಳಿದ ಶೀಟಿನ ಎಡಗಾಲಿನ ಸಾಲು ಹೀಗಿರಬೇಕು: ‘ಹರಡಿನ ನಾಳ ಒತ್ತಿಕೊಳ್ಳುತ್ತಿಲ್ಲ, ಎಬಿಐ ಪರಿಗಣಿಸಬಾರದು. ಸದ್ದು ಒಂದೇ ಹಂತದ್ದು. ಹೆಬ್ಬೆರಳು 36, ಅನುಪಾತ 0.24, ರಕ್ತಕೊರತೆ ಗ್ರೇಡ್ 2. ಕೋಣೆ 23 ಡಿಗ್ರಿ, ಪಾದ ಬೆಚ್ಚಗಿತ್ತು.’