ಬೆಳಗಾವಿಯ ಕೆಎ, ಜರ್ಮನಿಯ ಕೆಎ

ಕಾರ್ಲ್ಸ್‌ರೂಹೆ ಊರಿಗೆ ಬಂದಿಳಿದ ದಿನ ರೈಲ್ವೆ ಸ್ಟೇಷನ್ ಹೊರಗೆ ಸೂಟ್‌ಕೇಸ್ ಮೇಲೆ ಕೂತು ಗೆಳೆಯನ ದಾರಿ ಕಾಯುತ್ತಿದ್ದೆ. ಎದುರಿಗೆ ನಿಂತಿದ್ದ ಗಾಡಿಗಳ ನಂಬರ್ ಪ್ಲೇಟ್ ನೋಡಿ ಒಂದು ಕ್ಷಣ ತಲೆ ತಿರುಗಿತು. ಒಂದರ ಮೇಲೆ ಕೆಎ. ಅದರ ಹಿಂದಿನದರ ಮೇಲೂ ಕೆಎ. ಅದರಾಚೆಯದೂ ಕೆಎ. ವಿಮಾನದಲ್ಲಿ ನಿದ್ದೆ ಇಲ್ಲದ್ದಕ್ಕೆ ಹೀಗೆ ಕಾಣುತ್ತಿದೆ ಅಂದುಕೊಂಡೆ. ಆಮೇಲೆ ಗೆಳೆಯ ಬಿಡಿಸಿ ಹೇಳಿದ. ಜರ್ಮನಿಯಲ್ಲಿ ಪ್ಲೇಟಿನ ಮೊದಲ ಅಕ್ಷರ ಊರನ್ನು ಹೇಳುತ್ತದೆ. ಬರ್ಲಿನ್‌ಗೆ ಬಿ, ಮ್ಯೂನಿಕ್‌ಗೆ ಎಂ, ಕಾರ್ಲ್ಸ್‌ರೂಹೆಗೆ ಕೆಎ.

ಅದು 2022ರ ಸೆಪ್ಟೆಂಬರ್. ಅದಕ್ಕೂ ಮೊದಲು ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂಬತ್ತು ವರ್ಷ ಸಿಎನ್‌ಸಿ ಮಷಿನ್ ಮುಂದೆ ನಿಂತವನು. ಈಗ ರಜೆಗೆ ಟಿಳಕವಾಡಿಯ ಮನೆಗೆ ಬಂದಿದ್ದೇನೆ. ಹೊರಗೆ ಮಳೆ ಬಿಡುವ ಲಕ್ಷಣ ಇಲ್ಲ. ನಿನ್ನೆ ಉದ್ಯಮಬಾಗದ ಹುಡುಗನೊಬ್ಬ ಕೊಡೆ ಹಿಡಿದು ಬಂದಿದ್ದ. ಮುಂದಿನ ತಿಂಗಳು ಅವನೂ ಜರ್ಮನಿಗೆ ಹೊರಟಿದ್ದಾನೆ.

"ಅಣ್ಣಾರ, ಹೋದ ಕೂಡಲೆ ಒಂದು ಹಳೇ ಬಿಎಂಡಬ್ಲ್ಯೂ ತಗೋಬೇಕಂತ ಮಾಡೀನ್ರಿ. ಅಲ್ಲಿ ಭಾಳ ಸೋವಿ ಅದಾವಂತ."

ಸೋವಿ ಇರುವುದು ನಿಜ. ಆದರೆ ಗಾಡಿಯ ರೇಟು ಅಲ್ಲಿ ಅರ್ಧ ಕಥೆ. ಇನ್ನರ್ಧ ಇನ್ಶೂರೆನ್ಸ್. ಅದನ್ನು ಅವನಿಗೆ ತಿಳಿಸಿ ಹೇಳಲು ಎರಡು ಸಲ ಚಹಾ ಆಯಿತು.

ಮೊದಲು ಲೈಸೆನ್ಸ್. ನಮ್ಮ ಭಾರತದ ಲೈಸೆನ್ಸ್ ಅಲ್ಲಿ ವಾಸಕ್ಕೆ ಹೋದ ದಿನದಿಂದ 6 ತಿಂಗಳು ನಡೆಯುತ್ತದೆ. ನಾನು ಹೊರಡುವ ಮುಂಚೆ ಬೆಳಗಾವಿ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡಿದ್ದೆ. ಅದರ ಮೇಲೆ ಒಂದು ವರ್ಷ ಅಂತ ಬರೆದಿರುತ್ತದೆ, ಹಾಗಾಗಿ ವರ್ಷವಿಡೀ ಓಡಿಸಬಹುದು ಅಂತ ನಂಬಿದ್ದೆ. ಇಲ್ಲ. ಅಲ್ಲಿ ಮನೆ ಮಾಡಿದವರಿಗೆ ಆರೇ ತಿಂಗಳು. ಆಮೇಲೆ ಜರ್ಮನ್ ಲೈಸೆನ್ಸೇ ಬೇಕು. ಕೆಲವು ದೇಶದವರಿಗೆ ಸುಮ್ನೆ ಕಾರ್ಡ್ ಬದಲಾಯಿಸಿ ಕೊಡುತ್ತಾರೆ. ಆ ಪಟ್ಟಿಯಲ್ಲಿ ನಾವಿಲ್ಲ. ನಮಗೆ ಬರೆಯುವ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡೂ ಇವೆ. ಕಣ್ಣಿನ ಟೆಸ್ಟ್, ಪ್ರಥಮ ಚಿಕಿತ್ಸೆಯ ಒಂದು ದಿನದ ಕ್ಲಾಸ್ ಬೇರೆ. ಒಂದೇ ಸಮಾಧಾನ ಅಂದರೆ, ಇಷ್ಟು ಗಂಟೆ ಡ್ರೈವಿಂಗ್ ಕ್ಲಾಸ್ ಕಡ್ಡಾಯ ಅನ್ನುವ ನಿಯಮ ಮೊದಲೇ ಲೈಸೆನ್ಸ್ ಇದ್ದವರಿಗಿಲ್ಲ.

ಬರೆಯುವ ಪರೀಕ್ಷೆಯಲ್ಲಿ 30 ಪ್ರಶ್ನೆ. ಇಂಗ್ಲಿಷಿನಲ್ಲೂ ಬರೆಯಬಹುದು. ಅದು ಒಂದೇ ಏಟಿಗೆ ಪಾಸಾಯಿತು. ಓಡಿಸುವುದರಲ್ಲಿ ಫೇಲಾದೆ. 2008ರಿಂದ ಗಾಡಿ ಓಡಿಸಿದವನು, ಮಳೆಗಾಲದಲ್ಲಿ ಚೋರ್ಲಾ ಘಾಟ್ ಇಳಿಸಿ ಗೋವಾಕ್ಕೆ ಹೋಗಿ ಬಂದವನು, ಒಂದು ಸಣ್ಣ ಓಣಿಯಲ್ಲಿ ಫೇಲಾದೆ. ಬೋರ್ಡು, ಸಿಗ್ನಲ್ಲು ಏನೂ ಇಲ್ಲದ ಕೂಡು ರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ಮೊದಲು ದಾರಿ ಬಿಡಬೇಕು. ಆ ಬದಿಯಿಂದ ಬಂದವನು ಸೈಕಲ್ ಮೇಲಿದ್ದ, ದೂರ ಇದ್ದ, ನಾನು ಬೆಳಗಾವಿ ಲೆಕ್ಕದಲ್ಲಿ ಮುಂದೆ ನುಗ್ಗಿದೆ. ಪಕ್ಕದಲ್ಲಿದ್ದ ಡ್ರೈವಿಂಗ್ ಮೇಷ್ಟ್ರು ಬ್ರೇಕ್ ತುಳಿದರು. ಅವರು ಬ್ರೇಕ್ ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಹಿಂದಿನ ಸೀಟಿನಲ್ಲಿ ಕೂತ ಪರೀಕ್ಷಕರು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಎರಡನೇ ಸಲ ಪಾಸಾದೆ. ಪಾಠ, ಫೀಸು ಎಲ್ಲ ಸೇರಿ 1,400 ಯೂರೋ ಕೈಬಿಟ್ಟಿತ್ತು. ಹೊಸ ಕಾರ್ಡ್ ತಗೊಳ್ಳಲು ಹೋದಾಗ ಕೌಂಟರಿನ ಹೆಂಗಸು ಹಳೆಯದನ್ನು ಕೊಡಿ ಅಂತ ಕೈ ಚಾಚಿದಳು. ಹಳೇ ಲೈಸೆನ್ಸ್ ಒಪ್ಪಿಸಿದರೇನೇ ಹೊಸದು ಸಿಗುವುದು. ಬೆಳಗಾವಿ ಆರ್‌ಟಿಓದ ನಂಬರ್ ಕೆಎ22 ಅಂತ ಶುರುವಾಗುವ ಆ ಕಾರ್ಡು ಪಾಕೀಟಿನಲ್ಲಿ ಎಷ್ಟು ವರ್ಷ ಇತ್ತೆಂದರೆ, ಅದರ ಮೂಲೆಗಳು ಸವೆದು ಗುಂಡಗಾಗಿದ್ದವು. ಅದನ್ನು ಒಂದು ಕವರಿಗೆ ಹಾಕಿ ಆಚೆ ಇಟ್ಟಳು. ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಬರೀ ಪ್ಲಾಸ್ಟಿಕ್, ಗೊತ್ತು.

ಇನ್ನು ಗಾಡಿ. ಅಷ್ಟು ಹೊತ್ತಿಗೆ ಹೆಂಡತಿ, ಮಗಳು ಬಂದಿದ್ದರು. ಟ್ರಾಮ್ ಚೆನ್ನಾಗಿದೆ, ಆದರೆ ನನ್ನ ಫ್ಯಾಕ್ಟರಿಯ ಮೊದಲ ಶಿಫ್ಟಿಗೆ ಆಗಿಬರುತ್ತಿರಲಿಲ್ಲ. ನನಗೂ ಮೊದಲು ಆಸೆ ಹುಟ್ಟಿದ್ದು ದೊಡ್ಡ ಹೆಸರಿನ ಹಳೇ ಗಾಡಿಯ ಮೇಲೆಯೇ. ಜೊತೆಗೆ ಕೆಲಸ ಮಾಡುವ ತುರ್ಕಿಯವನೊಬ್ಬ ಹೇಳಿದ, "ಮೊದಲು ಇನ್ಶೂರೆನ್ಸ್ ರೇಟು ನೋಡು, ಆಮೇಲೆ ಗಾಡಿ ನೋಡು." ಗಾಡಿಯ ಕಾಗದದಲ್ಲಿ ಎರಡು ಸಣ್ಣ ಕೋಡ್ ಇರುತ್ತವೆ. ಆನ್‌ಲೈನಿನಲ್ಲಿ ಅವನ್ನು ಹಾಕಿದರೆ ಆ ಮಾಡೆಲ್ ಯಾವ ದರ್ಜೆ ಅಂತ ಬರುತ್ತದೆ. ಯಾವ ಮಾಡೆಲಿನವರು ಜಾಸ್ತಿ ಗುದ್ದುತ್ತಾರೋ ಆ ಮಾಡೆಲಿನ ಎಲ್ಲರಿಗೂ ಕಂತು ಜಾಸ್ತಿ. ಊರಿಗೂ ಹಾಗೇ ದರ್ಜೆ ಇದೆ. ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ಯಾರ್‍ಯಾರು ಓಡಿಸುತ್ತೀರಿ, ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ, ಎಲ್ಲ ಕೇಳುತ್ತಾರೆ. ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ.

ಕೊನೆಗೆ ಕೇಳಿದ್ದು ಎಷ್ಟು ವರ್ಷ ಅಪಘಾತ ಇಲ್ಲದೆ ಓಡಿಸಿದ್ದೀರಿ ಅಂತ. ಇದಕ್ಕೆ ಅಲ್ಲಿ ಎಸ್‌ಎಫ್ ಕ್ಲಾಸ್ ಅನ್ನುತ್ತಾರೆ. ನಮ್ಮ ನೋ ಕ್ಲೇಮ್ ಬೋನಸ್ ಇದೆಯಲ್ಲ, ಅದರ ದೊಡ್ಡಣ್ಣ. ನಮ್ಮಲ್ಲಿ ಕ್ಲೇಮ್ ಮಾಡದಿದ್ದರೆ ಕಂತಿನಲ್ಲಿ ಮೊದಲ ವರ್ಷ 20 ಪರ್ಸೆಂಟ್ ಕಡಿತ, ಆಮೇಲೆ 25, 35, 45, ಐದನೇ ವರ್ಷಕ್ಕೆ 50, ಅಲ್ಲಿಗೆ ನಿಂತಿತು. ಅಲ್ಲಿ ಏಣಿ 35 ಮೆಟ್ಟಿಲು ದಾಟಿಯೂ ಹೋಗುತ್ತದೆ. ಅಜ್ಜಂದಿರು ಎರಡು ಮೂರು ನೂರು ಯೂರೋ ಕಟ್ಟಿ ಆರಾಮಾಗಿ ಓಡಾಡುತ್ತಾರೆ. ಹೊಸಬ ಸೊನ್ನೆಯಲ್ಲಿ ನಿಲ್ಲಬೇಕು.

ನಾನು ಹೊಸಬ ಅಲ್ಲವಲ್ಲ! ಬೆಳಗಾವಿಯ ವ್ಯಾಗನ್‌ಆರ್ ಮೇಲೆ ನನಗೆ ಪೂರ್ತಿ 50 ಪರ್ಸೆಂಟ್ ಬೋನಸ್ ಇತ್ತು. ಅಪ್ಪನಿಗೆ ಫೋನ್ ಮಾಡಿದೆ. ಅಪ್ಪ ಪ್ರತಿ ವರ್ಷದ ಪಾಲಿಸಿಯನ್ನೂ ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಾರೆ. ಅವನ್ನೆಲ್ಲ ಹಿಡಿದು ಕಂಪನಿಯ ಬ್ರಾಂಚಿಗೆ ಮೂರು ಸಲ ಅಲೆದು, ಇಂಗ್ಲಿಷಿನಲ್ಲಿ ಸೀಲು ಸಹಿ ಸಮೇತ ಒಂದು ಪತ್ರ ಬರೆಸಿಕೊಂಡರು. ಸ್ಕ್ಯಾನ್ ಮಾಡಿ ಕಳಿಸಿದ್ದು ಖಡೇಬಜಾರಿನ ಝೆರಾಕ್ಸ್ ಅಂಗಡಿಯವನು, ಸ್ವಲ್ಪ ಓರೆಯಾಗಿ.

ಪತ್ರವನ್ನು ಮೂರು ಕಂಪನಿಗೆ ತೋರಿಸಿದೆ. ಹೊರದೇಶದ ದಾಖಲೆ ನೋಡುವುದು ಬಿಡುವುದು ಕಂಪನಿಗೆ ಬಿಟ್ಟಿದ್ದು. ಮೂರೂ ಕಂಪನಿಯವರು ತುಂಬಾ ಮರ್ಯಾದೆಯಿಂದ ಆಗುವುದಿಲ್ಲ ಅಂದರು. ಸೊನ್ನೆ.

"ಹಂಗಾದ್ರ ಎಷ್ಟಾತು?" ಅಂತ ಅಪ್ಪ ಕೇಳಿದರು.

"ವರ್ಷಕ್ಕ 1,150 ಯೂರೋ, ಅಪ್ಪಾ. ಒಂದು ಲಕ್ಷದ ಮ್ಯಾಲೆ."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ತಮ್ಮಾ, ಆ ರೊಕ್ಕಕ್ಕ ಇಲ್ಲಿ ಒಂದು ಹಳೇ ಮಾರುತಿನ ಬರ್ತೈತಲ್ಲೋ."

ಅದೂ ನಾನು ಆರಿಸಿದ್ದು ಸಣ್ಣ ಗಾಡಿ. 2013ರ ಸ್ಕೋಡಾ ಫ್ಯಾಬಿಯಾ, 92,000 ಕಿಲೋಮೀಟರ್ ಓಡಿದ್ದು, 6,200 ಯೂರೋ. ಬಿಎಂಡಬ್ಲ್ಯೂ ಲೆಕ್ಕ ನಾನು ಅಪ್ಪನಿಗೆ ಹೇಳಲೇ ಇಲ್ಲ.

ಇನ್ಶೂರೆನ್ಸಿನಲ್ಲಿ ಮೂರು ಥರ. ಎದುರಿನವರಿಗಾದ ನಷ್ಟಕ್ಕೆ ಹಾಫ್ಟ್‌ಫ್ಲಿಷ್ಟ್, ನಮ್ಮ ಥರ್ಡ್ ಪಾರ್ಟಿ ಇದ್ದ ಹಾಗೆ. ಇದು ಕಡ್ಡಾಯ. ಕಾನೂನಿನ ಪ್ರಕಾರ ಜನರಿಗೆ ಪೆಟ್ಟಾದರೆ ಕನಿಷ್ಠ 75 ಲಕ್ಷ ಯೂರೋವರೆಗೆ ಹೊಣೆ ಇರಬೇಕು. ಟೈಲ್‌ಕಾಸ್ಕೊ ಅಂದರೆ ಕಳವು, ಬೆಂಕಿ, ಆಲಿಕಲ್ಲು, ಒಡೆದ ಗಾಜು, ಅಡ್ಡ ಬಂದ ಜಿಂಕೆ. ಫೋಲ್‌ಕಾಸ್ಕೊ ಅಂದರೆ ನಾವೇ ಗುದ್ದಿಕೊಂಡರೂ ಕೊಡುತ್ತಾರೆ. ಹತ್ತು ವರ್ಷದ ಗಾಡಿಗೆ ಮೂರನೆಯದು ದಂಡ ಅನಿಸಿತು. ಮೊದಲ ಎರಡು ತಗೊಂಡೆ.

ಇಲ್ಲಿ ಒಂದು ವಿಷಯ ನನಗೆ ಇಷ್ಟವಾಯಿತು. ಇನ್ಶೂರೆನ್ಸ್ ಇಲ್ಲದೆ ಅಲ್ಲಿ ಗಾಡಿಗೆ ನಂಬರೇ ಸಿಗುವುದಿಲ್ಲ. ಇನ್ಶೂರೆನ್ಸ್ ಇದೆ ಅನ್ನುವುದಕ್ಕೆ ಸಾಕ್ಷಿಯಾಗಿ ಕಂಪನಿಯವರು ಏಳು ಅಕ್ಷರದ ಒಂದು ಇವಿಬಿ ನಂಬರ್ ಕಳಿಸುತ್ತಾರೆ. ಪಾಸ್‌ಪೋರ್ಟ್, ವಿಳಾಸದ ಪತ್ರ, ಗಾಡಿಯ ಎರಡು ಕಾಗದ, ರೋಡ್ ಟ್ಯಾಕ್ಸ್ ಬ್ಯಾಂಕಿನಿಂದ ತಾನಾಗಿ ಕಡಿತವಾಗಲು ಒಂದು ಸಹಿ, ಜೊತೆಗೆ ಈ ನಂಬರ್. ಇಷ್ಟು ಹಿಡಿದು ತ್ಸುಲಾಸುಂಗ್ಸ್‌ಷ್ಟೆಲ್ಲೆ ಅನ್ನುವ ಆಫೀಸಿಗೆ ಹೋಗಬೇಕು, ಅಂದರೆ ಅವರ ಆರ್‌ಟಿಓ. ಹೆಸರಿಗೆ ಹೆದರಬೇಡಿ. ಮರಾಠಿಯ 'ಚಾಂಗ್ಲಾ' ಸರಿಯಾಗಿ ಅನ್ನಲು ಬರುವ ಬೆಳಗಾವಿಯವರಿಗೆ ಜರ್ಮನ್ನರ 'ತ್ಸ' ಕಷ್ಟವೇ ಅಲ್ಲ.

ಹತ್ತು ಯೂರೋ ಚಿಲ್ಲರೆ ಜಾಸ್ತಿ ಕೊಟ್ಟರೆ ಬೇಕಾದ ಅಕ್ಷರ, ಅಂಕಿ ಆರಿಸಬಹುದು. ಕೆಎ ಅಂತೂ ಪುಕ್ಕಟೆ ಬರುತ್ತದೆ. ಅದರ ಮುಂದೆ ಬೆಳಗಾವಿಯ ನೆನಪಿಗೆ ಬಿಜಿ 22 ಹಾಕಿ ನೋಡಿದೆ. ಯಾರೋ ಮೊದಲೇ ಹೊಡೆದುಕೊಂಡಿದ್ದರು. ಆ ಪುಣ್ಯಾತ್ಮ ಯಾರೋ, ಬೆಳಗಾವಿಯವನೇ ಇರಬೇಕು ಅಂತ ಈಗಲೂ ನನಗೆ ಗುಮಾನಿ. ಕೊನೆಗೆ ಬೇರೆ ಎರಡು ಅಕ್ಷರ, 22ರಿಂದ ಶುರುವಾಗುವ ನಾಲ್ಕು ಅಂಕಿ ಸಿಕ್ಕವು. ಆಫೀಸಿನ ಪಕ್ಕದಲ್ಲೇ ಪ್ಲೇಟ್ ಒತ್ತಿಕೊಡುವ ಅಂಗಡಿ. ಎರಡು ಪ್ಲೇಟ್ ಮಾಡಿಸಿ, ಒಳಗೆ ಹೋಗಿ ಸರಕಾರದ ಸೀಲು ಅಂಟಿಸಿಕೊಂಡು, ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದೆ. ಗಾಡಿ ಪ್ಫೋರ್ಟ್ಸ್‌ಹೈಮ್ ಎಂಬ ಪಕ್ಕದ ಊರಿನ ಒಬ್ಬ ಮುದುಕರ ಅಂಗಳದಲ್ಲಿತ್ತು. ಅವರೇ ಮೊಣಕಾಲೂರಿ ಪ್ಲೇಟ್ ಕೂಡಿಸಿಕೊಟ್ಟರು. ಚಳಿಗಾಲದ ಟೈರುಗಳನ್ನೂ ಡಿಕ್ಕಿಗೆ ತುಂಬಿದರು. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಇವು, ಮರೆಯಬೇಡ ಅಂತ ಎರಡು ಸಲ ಹೇಳಿದರು. ಮನೆಗೆ ಬಂದ ಮೇಲೆ ಹೆಂಡತಿ ಟೈರಿನ ಕೆಳಗೆ ಲಿಂಬೆಹಣ್ಣು ಇಟ್ಟಳು. ಮೇಲಿನ ಮನೆಯ ಜರ್ಮನ್ ಅಜ್ಜಿ ಕಿಟಕಿಯಿಂದ ನೋಡುತ್ತಿದ್ದಳು. ಹಣ್ಣು ಪಚ್ ಅಂದಾಗ ಚಪ್ಪಾಳೆ ತಟ್ಟಿದಳು.

ಇನ್ಶೂರೆನ್ಸ್ ಕೆಲಸಕ್ಕೆ ಬಂದದ್ದು ಮರುವರ್ಷ. ಒಂದು ಬೆಳಿಗ್ಗೆ ಗಾಡಿ ಕೆಮ್ಮಲು ಶುರುಮಾಡಿತು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ಒಂದೇ ಶಬ್ದ ಹೇಳಿದ, "ಮಾರ್ಡರ್." ಮರ್ಡರ್ ಅಂದನೇನೋ ಅಂತ ಎದೆ ಝಲ್ ಅಂತು. ಅದು ಮುಂಗುಸಿಯಂಥ ಒಂದು ಪ್ರಾಣಿ. ರಾತ್ರಿ ಇಂಜಿನ್ ಒಳಗೆ ಹೊಕ್ಕು ಕೇಬಲ್ ಕಡಿಯುತ್ತದೆ. ಅಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಟೈಲ್‌ಕಾಸ್ಕೊ ಕಾಗದದಲ್ಲಿ ಅದರ ಹೆಸರೇ ಇರುತ್ತದೆ. ಮೊದಲ 150 ಯೂರೋ ನನ್ನದು, ಉಳಿದದ್ದು ಕಂಪನಿಯದು. ಈ ಥರದ ಕ್ಲೇಮಿಗೆ ಎಸ್‌ಎಫ್ ಮೆಟ್ಟಿಲು ಕೆಳಗೆ ಇಳಿಯುವುದೂ ಇಲ್ಲ. ನಮ್ಮಲ್ಲಿ ಇಲಿ ವೈರ್ ಕಡಿದರೂ ಕ್ಲೇಮ್ ಮಾಡಿದರೆ ಬೋನಸ್ ಹೋಗುತ್ತದೆ ಅಲ್ವಾ? ಅದಕ್ಕೇ ಅಲ್ಲವೇ ನಾವೆಲ್ಲ ಸುಮ್ನೆ ಕೈಯಿಂದ ಹಾಕಿ ಮಾಡಿಸುವುದು.

ಅಪ್ಪನಿಗೆ ಹೇಳಿದೆ. "ನಿಪ್ಪಾಣಿ ತಂಬಾಕು ಕಳಸ್ತೀನಿ, ಇಂಜಿನ್ ಬಾಜೂ ಕಟ್ಟು. ನಮ್ಮ ಇಲಿ ಓಡಿಹೋಗ್ತಾವು, ಇದೂ ಓಡ್ತೈತಿ," ಅಂದರು. ಕಸ್ಟಮ್ಸಿನವರಿಗೆ ಏನಂತ ಹೇಳಲಿ ಅಂತ ಕೇಳಿದ್ದಕ್ಕೆ ಬೇಜಾರು ಮಾಡಿಕೊಂಡರು.

ಈ ಸಲ ಮನೆಗೆ ಬಂದಾಗ ನೋಡುತ್ತೇನೆ, ನನ್ನ ಫ್ಯಾಬಿಯಾದ ಫೋಟೋವನ್ನು ಅಪ್ಪ ದೊಡ್ಡದು ಮಾಡಿಸಿ ಪಡಸಾಲೆಯಲ್ಲಿ ಹಾಕಿದ್ದಾರೆ. ನಿನ್ನೆ ಆ ಹುಡುಗ ಹೋದ ಮೇಲೆ ಹಾಲಿನ ಕಾಕಾ ಬಂದರು. ಮಳೆ ನೀರು ಒರೆಸಿಕೊಳ್ಳುತ್ತ ಫೋಟೋ ಮುಂದೆ ನಿಂತು ಪ್ಲೇಟ್ ಓದಿದರು.

"ಕೆಎ, 22... ಇದು ನಮ್ಮ ಬೆಳಗಾವಿ ಗಾಡಿ ಅಲ್ಲೇನ್ರಿ? ಹಡಗಿನ್ಯಾಗ ಒಯ್ದಾರೇನು?"

"ಹೌದಪಾ," ಅಂದರು ಅಪ್ಪ. "ಭಾಳ ಖರ್ಚು ಬಂತು."